ಗಂಡಿಕೋಟದ ಆಳ, ಬ್ರಹ್ಮಗಿರಿಯ ಗಡಿಯಾರ

ನವೆಂಬರ್ ಮುಗಿಯುತ್ತಿದ್ದಂತೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಶೇಂಗಾ ಕಿತ್ತು ಮನೆಗೆ ಬಂದಿರುವ ಕಾಲ. ಫಸಲು ಕೈಹಿಡಿದ ವರ್ಷವಾದರೆ ಮಕ್ಕಳ ಕೋರಿಕೆಗೆ ಬೇಗ ಒಪ್ಪಿಗೆ ಸಿಗುತ್ತದೆ. ಮಳೆ ಕೈಕೊಟ್ಟ ವರ್ಷವಾದರೆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಒಂದು ಸಣ್ಣ ನ್ಯಾಯಪಂಚಾಯಿತಿಯೇ ನಡೆಯುತ್ತದೆ.

“ಅಪ್ಪಾ, ಸ್ಕೂಲಿಂದ ಗಂಡಿಕೋಟಕ್ಕೆ ಟೂರು ಹೊರಟೈತೆ. ನಾಳೆನೇ ದುಡ್ಡು ಕಟ್ಟಬೇಕಂತೆ.”

“ಏನೈತಲ್ಲಿ?”

“ಕೋಟೆ ಐತೆ, ಬೆಟ್ಟ ಐತೆ, ಕೆಳಗಡೆ ಹೊಳೆ ಐತೆ. ದೋಣಿನೂ ಬಿಡ್ತಾರಂತೆ.”

“ಕೋಟೆ ನೋಡೋಕೆ ದುರ್ಗ ಸಾಲ್ದೇನಪ್ಪಾ? ಬೆಟ್ಟ ಅಂದ್ರೆ ನುಂಕೆಮಲೆ ಐತೆ, ಜಟಿಂಗ ರಾಮೇಶ್ವರ ಐತೆ. ಕಲ್ಲು ನೋಡೋಕೆ ಆಂಧ್ರಕ್ಕೆ ಯಾಕೆ ಹೋಗ್ಬೇಕು?”

ಅಪ್ಪನ ಈ ಪ್ರಶ್ನೆಯನ್ನು ಜಿಪುಣತನದ ಮಾತೆಂದು ತಳ್ಳಿಹಾಕುವಂತಿಲ್ಲ. ಅದು ಒಳ್ಳೆಯ ವಿಜ್ಞಾನದ ಪ್ರಶ್ನೆ. ಎರಡೂ ಕಡೆ ಇರುವುದು ಕಲ್ಲೇ ಆದರೆ ಅಲ್ಲಿ ಆಳವಾದ ಕಂದರ ಉಂಟಾಗಿದ್ದೇಕೆ? ಇಲ್ಲಿ ಗುಂಡುಬಂಡೆಗಳ ಬೆಟ್ಟ ಎದ್ದು ನಿಂತದ್ದೇಕೆ? ಇದಕ್ಕೆ ಉತ್ತರ ಹುಡುಕಿಕೊಂಡು ಹೋಗುವ ಮಗುವಿಗೆ ಪ್ರವಾಸದ ದುಡ್ಡು ದಂಡವಾಗುವುದಿಲ್ಲ. ಪ್ರಶ್ನೆಯಿಲ್ಲದೆ ಹೋದರೆ ನಾಲ್ಕು ಫೋಟೊಗಳೊಂದಿಗೆ ಎಲ್ಲವೂ ಮುಗಿಯುತ್ತದೆ.

ನದಿಯ ಮಗ್ಗುಲ ಕೋಟೆ

ಗಂಡಿಕೋಟ ಇರುವುದು ಆಂಧ್ರಪ್ರದೇಶದ ಕಡಪ ಜಿಲ್ಲೆಯ ಜಮ್ಮಲಮಡುಗಿನ ಹತ್ತಿರ. ಮೊಳಕಾಲ್ಮೂರಿನಿಂದ ರಾಯದುರ್ಗ, ಅನಂತಪುರ, ತಾಡಿಪತ್ರಿ ದಾಟಿ ಹೋದರೆ ಸುಮಾರು ಇನ್ನೂರು ಕಿಲೋಮೀಟರಿನ ಹಾದಿ. ಗಂಡಿ ಎಂದರೆ ಬೆಟ್ಟಗಳ ನಡುವಿನ ಇಕ್ಕಟ್ಟಾದ ಸಂದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎರಡನ್ನೂ ಆಡುವ ಈ ಗಡಿ ತಾಲ್ಲೂಕುಗಳ ಮಕ್ಕಳಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂದಿನ ಪಕ್ಕದ ಕೋಟೆಯೇ ಗಂಡಿಕೋಟ.

ಸಂದನ್ನು ಕೊರೆದ ನದಿ ಪೆನ್ನಾರ್. ಕನ್ನಡಿಗರು ಇದನ್ನು ಉತ್ತರ ಪಿನಾಕಿನಿ ಎನ್ನುತ್ತಾರೆ. ಇದು ಹುಟ್ಟುವುದು ಕರ್ನಾಟಕದಲ್ಲೇ, ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟಗಳ ಸಾಲಿನಲ್ಲಿ. ಗೌರಿಬಿದನೂರಿನ ಕಡೆಯಿಂದ ಉತ್ತರಕ್ಕೆ ಹರಿದು, ಆಂಧ್ರವನ್ನು ಹೊಕ್ಕು, ಅನಂತಪುರ ಸೀಮೆಯಲ್ಲಿ ಪೂರ್ವಕ್ಕೆ ತಿರುಗಿ, ಎರ್ರಮಲ ಬೆಟ್ಟಗಳನ್ನು ಸೀಳಿಕೊಂಡು ಮುಂದೆ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಒಟ್ಟು ಉದ್ದ 597 ಕಿ.ಮೀ. ಚಳ್ಳಕೆರೆ ತಾಲ್ಲೂಕಿನ ನದಿಯಾದ ವೇದಾವತಿಗೆ ಬೇರೆಯೇ ದಾರಿ. ಅದು ಹಗರಿಯಾಗಿ ತುಂಗಭದ್ರೆಗೆ ಸೇರಿ ಕೃಷ್ಣೆಯ ಪಾಲಾಗುತ್ತದೆ.

ಬೆಟ್ಟ ಸೀಳಿದ ಜಾಗದಲ್ಲಿ ಕೋಟೆಯ ಅಂಚಿಗೆ ಹೋದರೆ ನೆಲ ಥಟ್ಟನೆ ಮುಗಿದುಹೋಗುತ್ತದೆ. ಕೆಳಗೆ, ಸುಮಾರು 300 ಅಡಿ ಆಳದಲ್ಲಿ ಹಸಿರು ನೀರು. ಎದುರಿಗೆ ಕೆಂಪು ಬಂಡೆಯ ಗೋಡೆ. ಬೆಳಗಿನ ಬಿಸಿಲು ಆ ಗೋಡೆಯ ಮೇಲೆ ಬಿದ್ದಾಗ ಮಾತನಾಡುತ್ತಿದ್ದ ಮಕ್ಕಳೂ ಒಂದು ಗಳಿಗೆ ಸುಮ್ಮನಾಗುತ್ತಾರೆ.

ಕೋಟೆಯೊಳಗೆ ಮಾಧವರಾಯ ಮತ್ತು ರಂಗನಾಥ ದೇವಾಲಯಗಳು, ಜಾಮಿಯಾ ಮಸೀದಿ, ದೊಡ್ಡ ಕಣಜ, ನೀರಿನ ಕೊಳಗಳು ಇವೆ. ವಿಜಯನಗರದ ಕಾಲದಲ್ಲಿ ಪೆಮ್ಮಸಾನಿ ನಾಯಕರು ಇಲ್ಲಿಂದ ಆಳಿದರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೋಟೆ ಗೋಲ್ಕೊಂಡದ ಮೀರ್ ಜುಮ್ಲಾನ ಕೈಸೇರಿತು. 1652ರಲ್ಲಿ ಅವನನ್ನು ಕಾಣಲು ಬಂದ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೆ ಈ ಕೋಟೆಯ ಭದ್ರತೆಯನ್ನು ತನ್ನ ಪ್ರವಾಸಕಥನದಲ್ಲಿ ವರ್ಣಿಸಿದ್ದಾನೆ. ಒಂದು ಮಗ್ಗುಲಲ್ಲಿ ನದಿಯೇ ಕಂದಕವಾಗಿತ್ತು. ಉಳಿದ ಕಡೆ ಮಾತ್ರ ಗೋಡೆ ಕಟ್ಟಿದರೆ ಸಾಕಾಗಿತ್ತು.

ಇಲ್ಲಿ ಮಕ್ಕಳು ಗಮನಿಸಬೇಕಾದ ಒಂದು ವಿಚಿತ್ರವಿದೆ. ಕಾಲ ಬುಡದಲ್ಲೇ ನದಿಯಿದ್ದರೂ ಕೋಟೆಯವರು ಅದರ ನೀರನ್ನು ನೆಚ್ಚಿಕೊಂಡು ಬದುಕುವಂತಿರಲಿಲ್ಲ. 300 ಅಡಿ ಇಳಿದು ಕೊಡ ಹೊತ್ತು ಹತ್ತುವುದು, ಅದೂ ವೈರಿ ಮುತ್ತಿಗೆ ಹಾಕಿದಾಗ, ಆಗದ ಮಾತು. ಆದ್ದರಿಂದ ಮಳೆನೀರನ್ನು ಕೋಟೆಯೊಳಗಿನ ಕೆರೆ, ಕೊಳಗಳಲ್ಲಿ ಹಿಡಿದಿಟ್ಟರು. ಚಿತ್ರದುರ್ಗದವರು ಮಾಡಿದ್ದೂ ಇದನ್ನೇ. ಅಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುತ್ತದೆ. ನದಿ ಪಕ್ಕದಲ್ಲಿರುವ ಕೋಟೆ, ನದಿಯೇ ಇಲ್ಲದ ಕೋಟೆ ಎರಡೂ ಕುಡಿದದ್ದು ಮಳೆಯನ್ನೇ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಸೀರೆಯ ಮಡಿಕೆ, ಈರುಳ್ಳಿಯ ಸಿಪ್ಪೆ

ಇನ್ನು ಕಲ್ಲಿನ ವಿಚಾರ. ಗಂಡಿಕೋಟದ ಬಂಡೆಯನ್ನು ಗ್ರ್ಯಾನೈಟ್ ಎಂದು ಹೇಳುವವರು ಬಹಳ ಮಂದಿ. ಎದುರಿನ ಗೋಡೆಯನ್ನು ಕಣ್ಣರಳಿಸಿ ನೋಡಿದರೆ ಸಾಕು, ತಪ್ಪು ಗೊತ್ತಾಗುತ್ತದೆ. ಮೊಳಕಾಲ್ಮೂರಿನ ಸೀರೆ ಅಂಗಡಿಯಲ್ಲಿ ಮಡಿಚಿದ ರೇಷ್ಮೆ ಸೀರೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಅಲ್ಲಿ ಪದರದ ಮೇಲೆ ಪದರ ಕಾಣುತ್ತದೆ. ಗ್ರ್ಯಾನೈಟಿನಲ್ಲಿ ಹಾಗೆ ಪೇರಿಸಿದ ಪದರಗಳಿರುವುದಿಲ್ಲ.

ಇದು ಕ್ವಾರ್ಟ್‌ಸೈಟ್, ಅಂದರೆ ಬೆಣಚುಶಿಲೆ. ಭೂವಿಜ್ಞಾನಿಗಳು ಈ ಶಿಲಾಸ್ತರಕ್ಕೆ ಊರಿನ ಹೆಸರನ್ನೇ ಕೊಟ್ಟು ‘ಗಂಡಿಕೋಟ ಕ್ವಾರ್ಟ್‌ಸೈಟ್’ ಎಂದು ಕರೆದಿದ್ದಾರೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಒಂದು ದೊಡ್ಡ ತಗ್ಗಿತ್ತು. ನೀರು ಹೊತ್ತು ತಂದ ಮರಳು ಅದರಲ್ಲಿ ವರ್ಷ ವರ್ಷವೂ ಕೂತು, ಮೇಲಿನ ಭಾರಕ್ಕೆ ಒತ್ತಿ, ಬೆಸೆದು ಕಲ್ಲಾಯಿತು. ಆಗ ಭೂಮಿಯ ಮೇಲೆ ಹುಲ್ಲಿರಲಿಲ್ಲ, ನೀರಿನಲ್ಲಿ ಮೀನಿರಲಿಲ್ಲ. ಹಳ್ಳದ ಮರಳಿನ ಮೇಲೆ ನೀರು ಮೂಡಿಸುವ ಅಲೆಅಲೆಯ ಗುರುತು ಈ ಕಲ್ಲಿನ ಮೇಲೆ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕುವುದು ಮಕ್ಕಳಿಗೆ ಒಳ್ಳೆಯ ಕೆಲಸ.

ಇದೇ ಕಡಪದ ತಗ್ಗಿನ ಇನ್ನೊಂದು ಕಲ್ಲು ಚಳ್ಳಕೆರೆಯ ಎಷ್ಟೋ ಮನೆಗಳಲ್ಲಿ ಈಗಾಗಲೇ ಇದೆ. ಅಡುಗೆಮನೆಯ ಕಟ್ಟೆಗೆ, ಗೋಡೆಯ ಗೂಡಿನ ಹಲಗೆಗೆ ಹಾಕುವ ಕಪ್ಪನೆಯ ಕಡಪ ಕಲ್ಲು. ಅದು ಸುಣ್ಣದ ಕಲ್ಲು. ಹಲಗೆಯಂತೆ ಸಲೀಸಾಗಿ ಏಳುವುದಕ್ಕೆ ಕಾರಣ, ಅದೂ ಪದರ ಪದರವಾಗಿ ಕೂತದ್ದು.

ಮೊಳಕಾಲ್ಮೂರಿನ ಆಸುಪಾಸಿನ ಬೆಟ್ಟಗಳ ಕಥೆ ಬೇರೆ. ಅವು ನೀರಿನಲ್ಲಿ ಕೂತವಲ್ಲ, ಬೆಂಕಿಯಲ್ಲಿ ಹುಟ್ಟಿದವು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದೊಳಗೆ ಆಳದಲ್ಲಿ ಕರಗಿದ್ದ ಶಿಲಾಪಾಕ ನಿಧಾನವಾಗಿ ತಣಿದು ಗ್ರ್ಯಾನೈಟ್ ಆಯಿತು. ರಾಮನಗರದ ಕಡೆಯಿಂದ ಉತ್ತರಕ್ಕೆ ಹಾದು ಬರುವ ಈ ಉದ್ದನೆಯ ಪಟ್ಟಿಗೆ ‘ಕ್ಲೋಸ್‌ಪೇಟೆ ಗ್ರ್ಯಾನೈಟ್’ ಎಂದು ಹೆಸರು. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು.

ಗ್ರ್ಯಾನೈಟಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿರುತ್ತವೆ. ನೀರು ಆ ಬಿರುಕುಗಳಿಗೆ ಇಳಿದು ಮೂಲೆ ಮೂಲೆಗಳನ್ನು ಮೊದಲು ಕೊಳೆಯಿಸುತ್ತದೆ. ಚೌಕದ ತುಂಡು ಗುಂಡಗಾಗುತ್ತದೆ. ಹಗಲಿನ ಕಾವು, ರಾತ್ರಿಯ ತಂಪು, ಮಳೆ ಎಲ್ಲವೂ ಸೇರಿ ಬಂಡೆಯ ಮೈಯಿಂದ ಈರುಳ್ಳಿ ಸಿಪ್ಪೆಯಂತೆ ಚಕ್ಕೆಗಳು ಏಳುತ್ತವೆ. ಸುತ್ತಲಿನ ಸಡಿಲ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳ ರಾಶಿ ಉಳಿಯುತ್ತದೆ. ಜಟಿಂಗ ರಾಮೇಶ್ವರದ ಬೆಟ್ಟ ಹತ್ತುವಾಗ ಎಡಬಲದಲ್ಲಿ ಕಾಣುವುದು ಅದೇ.

ಹಾಗಾದರೆ ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಕಂದರವಾಗಲು ಗಟ್ಟಿ ಪದರಗಳ ಎತ್ತರದ ನೆಲ ಬೇಕು, ಅದರಲ್ಲಿ ನೆಟ್ಟಗೆ ಇಳಿಯುವ ಬಿರುಕುಗಳು ಬೇಕು, ಅಡ್ಡಲಾಗಿ ಹರಿಯುವ ಬಲವಾದ ನದಿ ಬೇಕು. ಬುಡ ಸವೆದಾಗ ಮೇಲಿನ ಪದರ ನೆಟ್ಟಗೆ ಕಳಚಿ ಬೀಳುತ್ತದೆ, ಗೋಡೆ ಕಡಿದಾಗಿಯೇ ಉಳಿಯುತ್ತದೆ. ಕರ್ನಾಟಕದಲ್ಲೇ ಇದರ ದಾಯಾದಿಗಳನ್ನು ನೋಡಬೇಕೆಂದರೆ ಘಟಪ್ರಭೆ ಧುಮುಕುವ ಗೋಕಾಕಕ್ಕೆ ಹೋಗಬೇಕು, ಇಲ್ಲವೆ ಕೆಂಪು ಮರಳುಗಲ್ಲಿನ ಕಡಿದಾದ ಬಂಡೆಗಳ ಮೇಲೆ ಕೋಟೆ ಹೊತ್ತಿರುವ ಬಾದಾಮಿಗೆ ಹೋಗಬೇಕು. ವೇದಾವತಿಯೂ ಚಿನ್ನಹಗರಿಯೂ ಚಳ್ಳಕೆರೆ, ಮೊಳಕಾಲ್ಮೂರಿನ ಬಯಲಿನಲ್ಲಿ ಮರಳು ಹರಡಿಕೊಂಡು ಮೆಲ್ಲಗೆ ಸಾಗುತ್ತವೆ. ಕೊರೆಯುವುದಕ್ಕೆ ಬೇಕಾದ ಇಳಿಜಾರು ಅವಕ್ಕಿಲ್ಲ.

ಅಕ್ಷರ ಬರೆದ ಬಂಡೆ

ಉಳಿದ ಅರ್ಧ ಉತ್ತರ ಇರುವುದು ಗಂಡಿಕೋಟದಲ್ಲಲ್ಲ, ಮೊಳಕಾಲ್ಮೂರು ತಾಲ್ಲೂಕಿನಲ್ಲೇ.

300 ಅಡಿ ಆಳವನ್ನು ನೋಡಿದ ಮಗು ಮೊದಲು ಕೇಳುವುದು, ಇಷ್ಟು ಕೊರೆಯಲು ಎಷ್ಟು ವರ್ಷ ಬೇಕಾಯಿತು ಎಂದು. ಲಕ್ಷ, ಕೋಟಿ ಎಂದು ಹೇಳಿದರೆ ತಲೆಯಾಡಿಸುತ್ತದೆ, ಆದರೆ ಮನಸ್ಸಿಗೆ ಏನೂ ಇಳಿದಿರುವುದಿಲ್ಲ. ಕಲ್ಲು ಸವೆಯುವ ವೇಗವನ್ನು ಕಣ್ಣಾರೆ ತೋರಿಸುವ ಒಂದು ಗಡಿಯಾರ ಬೇಕು. ಅಂಥ ಗಡಿಯಾರ ಬ್ರಹ್ಮಗಿರಿಯಲ್ಲಿದೆ.

ಅಶೋಕ ಸಿದ್ಧಾಪುರದ ಬಳಿಯ ಬ್ರಹ್ಮಗಿರಿ, ಸಿದ್ಧಾಪುರ ಮತ್ತು ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಕ್ರಿ.ಪೂ. 3ನೆಯ ಶತಮಾನದ ಬರಹ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹೇಳಿ, ‘ಲಿಪಿಕಾರನಿಂದ’ ಎಂಬರ್ಥದ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಲ್ಲಿಯ ಲಿಪಿ, ಎಲ್ಲಿಯ ಊರು! ಇಲ್ಲಿಯ ನೆಲವನ್ನು 1940ರಲ್ಲಿ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಗೆದು, ಅಶೋಕನಿಗೂ ಹಿಂದಿನ ಕಲ್ಲುಕೊಡಲಿಗಳ ಕಾಲದ ಜನವಸತಿಯನ್ನು ಬೆಳಕಿಗೆ ತಂದರು.

ಇತಿಹಾಸದ ಪಾಠ ಅಲ್ಲಿಗೆ ಮುಗಿಯಬಹುದು, ವಿಜ್ಞಾನದ ಪಾಠ ಅಲ್ಲಿಂದ ಶುರುವಾಗುತ್ತದೆ. ಆ ಅಕ್ಷರಗಳು ಉಳಿಯಿಂದ ಕೊರೆದ ತೆಳು ಗೀರುಗಳು. 2,200 ವರ್ಷಗಳಿಗೂ ಹೆಚ್ಚು ಕಾಲದ ಬಿಸಿಲು, ಮಳೆ, ಗಾಳಿ ಆ ಗೀರುಗಳನ್ನು ಪೂರ್ತಿ ಅಳಿಸಲಾಗಲಿಲ್ಲ. ಲೆಕ್ಕಕ್ಕೆಂದು, ಬಂಡೆಯ ಮೈ ಎರಡು ಸಾವಿರ ವರ್ಷಗಳಲ್ಲಿ 2 ಮಿಲಿಮೀಟರ್ ಸವೆಯಿತು ಎಂದು ಇಟ್ಟುಕೊಳ್ಳಬಹುದು. ಸಾವಿರ ವರ್ಷಕ್ಕೆ 1 ಮಿ.ಮೀ. ಆಯಿತು. 300 ಅಡಿ ಎಂದರೆ ಸುಮಾರು 90 ಮೀಟರ್, ಅಂದರೆ 90,000 ಮಿ.ಮೀ. ಇದೇ ವೇಗದಲ್ಲಿ ಅಷ್ಟು ಆಳ ಸವೆಯಲು 9 ಕೋಟಿ ವರ್ಷ ಬೇಕು!

ಇದು ಗಂಡಿಕೋಟದ ಕಂದರದ ವಯಸ್ಸಲ್ಲ. ಬಂಡೆಯ ಮೇಲೆ ಬೀಳುವ ಮಳೆಹನಿ ಬೇರೆ, ಮರಳು, ಬೆಣಚುಕಲ್ಲು ಹೊತ್ತು ನುಗ್ಗುವ ನದಿ ಬೇರೆ. ಗರಗಸದಲ್ಲಿ ಕೆಲಸ ಮಾಡುವುದು ಅದರ ಹಲ್ಲು. ನದಿಗೆ ಮರಳೇ ಹಲ್ಲು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕೆಲವು ಕಡೆ 1,600 ಮೀಟರಿಗೂ ಹೆಚ್ಚು ಆಳವಿದೆ. ಅದರ ಬಹುಭಾಗವನ್ನು ಕೊಲರಾಡೊ ನದಿ ಕಳೆದ 50-60 ಲಕ್ಷ ವರ್ಷಗಳಲ್ಲಿ ಕೊರೆದಿದೆ ಎಂಬುದು ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ. ಭಾಗಿಸಿ ನೋಡಿದರೆ ಸಾವಿರ ವರ್ಷಕ್ಕೆ ಸುಮಾರು 270 ಮಿ.ಮೀ. ಅಂದರೆ ಮೇಲಿನ ಲೆಕ್ಕದ ಮಳೆಗಿಂತ ನದಿಯ ಕೆಲಸ 270 ಪಟ್ಟು ಬಿರುಸು. ಹಾಗಿದ್ದೂ ಅಶೋಕನ ಕಾಲದಿಂದ ಇಲ್ಲಿಯವರೆಗೆ ಆ ಮಹಾನದಿ ಕೊರೆದ ಆಳ ಒಬ್ಬ ಹುಡುಗನ ಸೊಂಟವನ್ನೂ ಮುಟ್ಟುವುದಿಲ್ಲ. ಹೀಗೆ ಹೇಳಿದಾಗ ಲಕ್ಷ, ಕೋಟಿಗಳಿಗೆ ಒಂದು ಅಳತೆ ಸಿಗುತ್ತದೆ.

ಗಂಡಿಕೋಟದಲ್ಲಿ ಪೆನ್ನಾರ್ ಈಗ ಹಾಗೆ ಕೊರೆಯುತ್ತಿಲ್ಲ. ಮೇಲ್ಗಡೆ ಗಂಡಿಕೋಟ ಜಲಾಶಯ, ಕೆಳಗಡೆ ಮೈಲವರಂ ಜಲಾಶಯ. ಅಣೆಕಟ್ಟು ನೀರನ್ನಷ್ಟೇ ಅಲ್ಲ, ಮರಳನ್ನೂ ತಡೆಯುತ್ತದೆ. ಗರಗಸದ ಹಲ್ಲು ಕಿತ್ತಂತೆ. ಮಕ್ಕಳು ಮೇಲಿನಿಂದ ನೋಡುವ ನಿಶ್ಚಲವಾದ ಹಸಿರು ನೀರಿಗೆ ಇದೇ ಕಾರಣ.

ಅಂಚಿನಿಂದ ಹತ್ತು ಹೆಜ್ಜೆ

ಇತ್ತೀಚಿನ ವರ್ಷಗಳಲ್ಲಿ ಗಂಡಿಕೋಟ ವಿಹಾರತಾಣವಾಗಿ ಬೆಳೆದಿದೆ. ಆಂಧ್ರದ ಪ್ರವಾಸೋದ್ಯಮ ಇಲಾಖೆಯ ತಂಗುದಾಣವಿದೆ. ಡೇರೆ ಹಾಕಿ ರಾತ್ರಿ ಕಳೆಯುವವರಿದ್ದಾರೆ. ಚಿಕ್ಕ ದೋಣಿಗಳಲ್ಲಿ ಹುಟ್ಟು ಹಾಕುವುದು, ಬಂಡೆ ಹತ್ತುವುದು, ಹಗ್ಗ ಹಿಡಿದು ಇಳಿಯುವುದು ಇಂಥ ಸಾಹಸಗಳಿಗೂ ಜನ ಬರುತ್ತಾರೆ. ಮಕ್ಕಳ ಆಸೆ ಇರುವುದು ಇಲ್ಲೇ, ತಾಯಂದಿರ ಭಯ ಇರುವುದೂ ಇಲ್ಲೇ.

ಕಂದರದ ಅಂಚಿನ ಉದ್ದಕ್ಕೂ ತಡೆಬೇಲಿ ಇಲ್ಲ. ಪದರದ ಕಲ್ಲಿಗೆ ಒಂದು ಕೆಟ್ಟ ಗುಣವಿದೆ. ಮೇಲಿನ ಪದರ ಗಟ್ಟಿಯಾಗಿ ಕಂಡರೂ ಅದರ ಅಡಿಯ ಪದರ ಕಳಚಿ ಬಿದ್ದಿರಬಹುದು. ನಿಂತವನಿಗೆ ತನ್ನ ಕಾಲಡಿ ಏನೂ ಇಲ್ಲವೆಂಬುದು ಕಾಣುವುದಿಲ್ಲ. 90 ಮೀಟರ್ ಎತ್ತರದಿಂದ ಬಿದ್ದ ವಸ್ತು ತಳ ಮುಟ್ಟುವುದಕ್ಕೆ ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಸಾಕು. ತಳ ಮುಟ್ಟುವಾಗ ಅದರ ವೇಗ ಗಂಟೆಗೆ 150 ಕಿ.ಮೀ. ಒಂಬತ್ತನೆಯ ತರಗತಿಯ ಸೂತ್ರದಿಂದ ಯಾರು ಬೇಕಾದರೂ ಇದನ್ನು ಲೆಕ್ಕ ಹಾಕಬಹುದು. ಫೋಟೊಕ್ಕಾಗಿ ಹಿಂದೆ ಹಿಂದೆ ಹೆಜ್ಜೆ ಇಡುವ ಮುನ್ನವೇ ಹಾಕಿದರೆ ಒಳ್ಳೆಯದು.

ಆಳ ತಿಳಿಯಲು ಕಲ್ಲು ಎಸೆಯುವ ಅಭ್ಯಾಸವೂ ಬೇಡ. ಕೆಳಗೆ ದೋಣಿಯಲ್ಲಿ ಜನರಿರುತ್ತಾರೆ. ಅಳೆಯಲೇಬೇಕೆಂದರೆ ಕಲ್ಲಿನ ಬದಲು ಚಪ್ಪಾಳೆ ಇದೆ. ಗಾಳಿಯಿಲ್ಲದ ಮುಂಜಾನೆ ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ನಿಂತು ಚಪ್ಪಾಳೆ ತಟ್ಟಬೇಕು. ಎದುರಿನ ಗೋಡೆಯಿಂದ ಪ್ರತಿಧ್ವನಿ ಬಂದರೆ, ಪ್ರತಿ ಸಲ ಪ್ರತಿಧ್ವನಿ ಕೇಳಿದ ಗಳಿಗೆಗೇ ಮುಂದಿನ ಚಪ್ಪಾಳೆ ಬೀಳುವಂತೆ ತಾಳ ಹಿಡಿಯಬೇಕು. ಅಂಥ ಇಪ್ಪತ್ತು ತಾಳಕ್ಕೆ 12 ಸೆಕೆಂಡ್ ಆದರೆ ಒಂದಕ್ಕೆ 0.6 ಸೆಕೆಂಡ್. ಸೆಕೆಂಡಿಗೆ 340 ಮೀಟರ್ ಓಡುವ ಸದ್ದು ಹೋಗಿ ಬಂದ ದೂರ 204 ಮೀಟರ್. ಅದರ ಅರ್ಧ, ಅಂದರೆ 102 ಮೀಟರ್, ಎದುರಿನ ಗೋಡೆಯ ದೂರ. ಕಂದರದ ಅಗಲ ಅಳೆಯಲು ಅಂಚಿಗೆ ಹೋಗಬೇಕಾಗಿಯೇ ಇಲ್ಲ.

ಪೋಷಕರು ಶಾಲೆಯವರನ್ನು ಕೇಳಬೇಕಾದ ಮಾತುಗಳು ಕೆಲವೇ. ಎಷ್ಟು ಮಕ್ಕಳಿಗೆ ಒಬ್ಬರು ಮೇಷ್ಟ್ರು? ಹೆಣ್ಣುಮಕ್ಕಳ ಜೊತೆ ಶಿಕ್ಷಕಿಯರಿದ್ದಾರೆಯೇ? ದೋಣಿ ಹತ್ತುವ ಪ್ರತಿ ಮಗುವಿಗೂ ಅಳತೆಗೆ ಸರಿಯಾದ ಜೀವರಕ್ಷಕ ಅಂಗಿ ಸಿಗುತ್ತದೆಯೇ? ಕತ್ತಲಾದ ಮೇಲೆ ಅಂಚಿನ ಕಡೆ ಯಾರೂ ಹೋಗದಂತೆ ಕಾಯುವವರು ಯಾರು? ಕಡಪ ಸೀಮೆಯ ಬೇಸಿಗೆ ಬಹಳ ಉಗ್ರ. ನವೆಂಬರಿನಿಂದ ಫೆಬ್ರವರಿಯ ನಡುವೆ ಹೋಗುವುದು ಮೇಲು. ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ. ಸರಿಯಾಗಿ ಸಿದ್ಧತೆ ಮಾಡಿಕೊಂಡ ಶಾಲೆ ಈ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸುತ್ತದೆ.

ಬಸ್ಸು ಹತ್ತದ ಮಗು

ಇಷ್ಟಾದರೂ ಪ್ರತಿ ತರಗತಿಯಲ್ಲೂ ಏಳೆಂಟು ಮಕ್ಕಳು ದುಡ್ಡು ಕಟ್ಟಲಾಗದೆ ಉಳಿದುಬಿಡುತ್ತಾರೆ. ಬಸ್ಸು ಹೊರಟ ದಿನ ಅವರು ಶಾಲೆಗೆ ಬರುವುದಿಲ್ಲ. ಹೋಗಿ ಬಂದವರು ವಾರಗಟ್ಟಲೆ ಗಂಡಿಕೋಟದ ಮಾತನ್ನೇ ಆಡುವಾಗ ಇವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿಕೊಂಡಿರುತ್ತಾರೆ. ಪ್ರವಾಸದ ನಿಜವಾದ ಕಷ್ಟ ಇದು.

ಇದಕ್ಕೊಂದು ದಾರಿಯಿದೆ. ಗಂಡಿಕೋಟದ ಬಸ್ಸು ಹೊರಡುವ ಮೊದಲ ವಾರ ಇಡೀ ತರಗತಿ ಬುತ್ತಿ ಕಟ್ಟಿಕೊಂಡು ಬ್ರಹ್ಮಗಿರಿಗೆ ಹೋಗಬೇಕು. ಒಂದು ದಿನದ ಕೆಲಸ, ಖರ್ಚೂ ಕಡಿಮೆ. ಅಲ್ಲಿ ಎಲ್ಲ ಮಕ್ಕಳೂ ಅಕ್ಷರದ ಗೀರನ್ನು ನೋಡಲಿ. ಮುಟ್ಟದೆ, ಕೆರೆಯದೆ, ಕಣ್ಣಿನಿಂದಷ್ಟೇ. ಜಟಿಂಗ ರಾಮೇಶ್ವರದ ಶಾಸನ ಬಹಳಷ್ಟು ಸವೆದುಹೋಗಿರುವುದನ್ನು ಬ್ರಹ್ಮಗಿರಿಯದರೊಂದಿಗೆ ಹೋಲಿಸಲಿ. ಬಂಡೆಯ ಚಕ್ಕೆ ಈರುಳ್ಳಿ ಸಿಪ್ಪೆಯಂತೆ ಎದ್ದಿರುವ ಜಾಗವನ್ನು ಗುರುತಿಸಲಿ. 9 ಕೋಟಿಯ ಲೆಕ್ಕವನ್ನು ಅಲ್ಲೇ ನೋಟ್‌ಬುಕ್ಕಿನಲ್ಲಿ ಬಿಡಿಸಲಿ.

ಆಮೇಲೆ ಬಸ್ಸು ಹತ್ತಿದವರು ಎದುರಿನ ಗೋಡೆಯಲ್ಲಿ ಕಣ್ಣಿಗೆ ಕಂಡಷ್ಟು ಪದರಗಳನ್ನು ಎಣಿಸಿ, ಚಿತ್ರ ಬರೆದು, ಚಪ್ಪಾಳೆಯ ಲೆಕ್ಕ ಹಿಡಿದು ತರುತ್ತಾರೆ. ಉಳಿದವರು ಊರ ಹಳ್ಳದ ದಂಡೆಯಲ್ಲಿ ಮಳೆನೀರು ಕೊರೆದ ಕೊರಕಲನ್ನು ಅಳೆದು, ಮಣ್ಣಿನ ಪದರಗಳ ಚಿತ್ರ ಬರೆದಿಟ್ಟಿರುತ್ತಾರೆ. ಎರಡನ್ನೂ ತರಗತಿಯ ಗೋಡೆಗೆ ಅಕ್ಕಪಕ್ಕ ಅಂಟಿಸಿದಾಗ ಹಿಂದಿನ ಬೆಂಚಿನವರಿಗೂ ಹೇಳುವುದಕ್ಕೆ ಮಾತಿರುತ್ತದೆ. ಗಂಡಿಕೋಟದ ಆಳ ಎಷ್ಟೆಂದು ಹೋಗಿ ಬಂದವರು ಹೇಳಿದರೆ, ಅಷ್ಟು ಆಳಕ್ಕೆ ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕುವ ಬಗೆಯನ್ನು ಉಳಿದವರು ಹೇಳಬಲ್ಲರು.

ಅಷ್ಟಾದರೆ “ಕಲ್ಲು ನೋಡೋಕೆ ಆಂಧ್ರಕ್ಕೆ ಯಾಕೆ ಹೋಗ್ಬೇಕು?” ಎಂದ ಅಪ್ಪನಿಗೂ ಒಂದು ಭಾನುವಾರ ಪುರುಸೊತ್ತಾಗಬಹುದು. ಸಿದ್ಧಾಪುರದ ಬಸ್ಸಿನಲ್ಲಿ ಈ ಸಲ ಮಗನೇ ಅಪ್ಪನನ್ನು ಕೂರಿಸಿಕೊಂಡು ಹೋಗಿ, ಅಕ್ಷರ ಬರೆದ ಬಂಡೆಯನ್ನು ತೋರಿಸಲಿ.